ಕಂಬಳದ ಫೋಟೋಗೆ 70ಡಿ ಸಾಕಾಗ್ತಿಲ್ಲ, ಆರ್7 ತಗೊಳ್ಳಲಾ?

ಮಂಜೊಟ್ಟಿ_ಬದಿ
ಎಲ್ಲರಿಗೂ ನಮಸ್ಕಾರ. 2014ರಲ್ಲಿ ತಗೊಂಡ ಕ್ಯಾನನ್ 70ಡಿ ಇದೆ, ಜೊತೆಗೆ 55-250 ಎಸ್‌ಟಿಎಂ ಲೆನ್ಸ್. ಮನೆ ಮೂಡುಬಿದಿರೆ ಹತ್ತಿರ. ನವೆಂಬರ್ ಬಂತೆಂದರೆ ನನ್ನ ಶನಿವಾರ, ಭಾನುವಾರ ಎಲ್ಲಾ ಕಂಬಳದ ಕರೆಯ (ಕೋಣ ಓಡುವ ಕೆಸರುಗದ್ದೆಯ) ಬದಿಯಲ್ಲೇ.

ಕಳೆದ ಸೀಸನ್‌ನಲ್ಲಿ ಒಂದೇ ಕಂಬಳದಲ್ಲಿ 1,800 ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಇಟ್ಟುಕೊಳ್ಳುವಂಥದ್ದು 40 ಕೂಡ ಇಲ್ಲ. ಒಂದು ಫ್ರೇಮ್ ಅಂತೂ ಮರೆಯೋಕೇ ಆಗ್ತಿಲ್ಲ. ಹಗ್ಗ ಹಿರಿಯ ವಿಭಾಗದ ಫೈನಲ್. ಎರಡೂ ಕೋಣಗಳ ತಲೆ ಒಟ್ಟಿಗೆ ಮೇಲೆದ್ದಿದೆ. ಓಡಿಸುವವರ ಎರಡೂ ಪಾದ ನೀರು ಬಿಟ್ಟು ಗಾಳಿಯಲ್ಲಿದೆ. ಸಣ್ಣ ಪರದೆಯಲ್ಲಿ ನೋಡಿ ಕುಣಿದುಬಿಟ್ಟಿದ್ದೆ. ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿದರೆ ಶಾರ್ಪ್ ಇರುವುದು ಕೋಣದ ಮೂತಿಯ ಮುಂದೆ ಹಾರಿದ ಕೆಸರು ನೀರಿನ ಹನಿ. ಕೋಣದ ಕಣ್ಣು ಮಸುಕು.

ಇನ್ನೆರಡು ತೊಂದರೆ ಇದೆ. ಜೋಡಿ ಮಂಜೊಟ್ಟಿ (ಓಟ ಮುಗಿಯುವ ಕಡೆ) ಹತ್ತಿರ ಬರುವಾಗ ಸರಿಯಾಗಿ ಕ್ಯಾಮೆರಾ ನಿಂತುಬಿಡುತ್ತದೆ, ಬಟನ್ ಒತ್ತಿದರೂ ಫೋಟೋ ಬರಲ್ಲ. ರಾತ್ರಿ ಫ್ಲಡ್‌ಲೈಟ್‌ನಲ್ಲಿ ಒಂದು ಫ್ರೇಮ್ ಬೆಳಕಾಗಿ ಬಂದರೆ ಮುಂದಿನದು ಕಪ್ಪು, ಅದರ ಮುಂದಿನದು ಹಳದಿ.

ಬಜೆಟ್ 1.25 ಲಕ್ಷ. ಹೊಸದಾಗಿ ಕ್ಯಾನನ್‌ನ ಮಿರರ್‌ಲೆಸ್ ಆರ್7 ಬಾಡಿ ತಗೊಂಡು ಇದೇ ಲೆನ್ಸನ್ನು ಅಡಾಪ್ಟರ್‌ನಲ್ಲಿ ಹಾಕೋಣ ಅಂತ ಯೋಚನೆ. ಇಲ್ಲ ಸೆಕೆಂಡ್ ಹ್ಯಾಂಡ್ 7ಡಿ ಮಾರ್ಕ್ 2 ಸಾಕಾ? ಓಡುವುದರ ಫೋಟೋ ತೆಗೆದು ಅನುಭವ ಇರುವವರು ಹೇಳಿ.

ಬರ್ಸ್ಟ್_ಮೋಡ್
ಕಣ್ಣು ಮುಚ್ಚಿ ಆರ್7 ತಗೊಳ್ಳಿ. ನಿಮ್ಮ 70ಡಿ ಸೆಕೆಂಡಿಗೆ 7 ಫ್ರೇಮ್ ತೆಗೆಯುತ್ತದೆ. ಅದು 15, ಎಲೆಕ್ಟ್ರಾನಿಕ್ ಶಟರ್‌ನಲ್ಲಿ 30. ಇನ್ನೇನು ಬೇಕು?

ಹಳೇ_ಗಾಜು
ಕಣ್ಣು ಮುಚ್ಚಿ ಲಕ್ಷ ರೂಪಾಯಿ ಹಾಕಬೇಡಿ ಮಾರಾಯ್ರೆ. ಮೊದಲು ಇದು ಹೇಳಿ: ಶಟರ್ ಎಷ್ಟು ಇಟ್ಟಿದ್ರಿ? ಫೋಕಸ್ ಯಾವ ಮೋಡ್? ಎಷ್ಟು ಪಾಯಿಂಟ್ ಆನ್ ಇತ್ತು? ರಾ (ಸಂಸ್ಕರಿಸದ ದೊಡ್ಡ ಫೈಲ್) ತೆಗೆದಿರಾ, ಜೆಪೆಗ್ಗಾ? ಬಟನ್ ಒತ್ತಲು ಶುರು ಮಾಡಿದ್ದು ಎಲ್ಲಿಂದ?

ಮಂಜೊಟ್ಟಿ_ಬದಿ
@ಹಳೇ_ಗಾಜು ಶಟರ್ 1/500. ಎಐ ಸರ್ವೋ (ಓಡುವುದನ್ನು ಹಿಂಬಾಲಿಸುವ ಫೋಕಸ್), 19 ಪಾಯಿಂಟೂ ಆಟೋ. ರಾ ಮತ್ತು ಜೆಪೆಗ್ ಎರಡೂ. ಗಂತಿನಿಂದ (ಓಟ ಶುರುವಾಗುವ ಕಡೆಯಿಂದ) ಜೋಡಿ ಬಿಟ್ಟ ಕೂಡಲೇ ಒತ್ತಿ ಹಿಡಿಯುತ್ತಿದ್ದೆ. ಮಿಸ್ ಆಗಬಾರದು ಅಂತ.

ಲೆಕ್ಕದ_ಮೇಷ್ಟ್ರು
ಇದರಲ್ಲಿ ಒಂದು ಲೆಕ್ಕ ಇದೆ, ಮಾಡಿಬಿಡೋಣ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದು ಎಲ್ಲರಿಗೂ ನೆನಪಿರಬಹುದು. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಹತ್ತೂವರೆ ಮೀಟರ್. ಶಟರ್ 1/500 ಇದ್ದರೆ ಅದು ತೆರೆದು ಮುಚ್ಚುವಷ್ಟರಲ್ಲಿ ಜೋಡಿ 2 ಸೆಂಟಿಮೀಟರ್ ಸರಿದಿರುತ್ತದೆ. 1/1000 ಇದ್ದರೆ 1 ಸೆಂಟಿಮೀಟರ್. ಇದು ಮೈಯ ಲೆಕ್ಕ. ಮುಂದಕ್ಕೆ ಬೀಸುವ ಕಾಲು ಮೈಗಿಂತ ಜಾಸ್ತಿ ವೇಗದಲ್ಲಿರುತ್ತದೆ. ಹಾಗಾಗಿ ಬದಿಯಿಂದ ತೆಗೆಯುವವರಿಗೆ 1/500 ಸಾಲದು.

ಆದರೆ ನೀವು ಮಂಜೊಟ್ಟಿಯಲ್ಲಿ ನಿಂತು ಎದುರಿನಿಂದ ತೆಗೆಯುವವರು. ಅಲ್ಲಿ ತೊಂದರೆ ಬೇರೆ. ಸೆಕೆಂಡಿಗೆ 7 ಫ್ರೇಮ್ ಅಂದರೆ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಕೋಣ ಒಂದೂವರೆ ಮೀಟರ್ ಹತ್ತಿರ ಬಂದಿರುತ್ತದೆ. ಪ್ರತಿ ಸಲವೂ ಲೆನ್ಸ್ ಅಷ್ಟು ಸರಿಯಬೇಕು. 15 ಫ್ರೇಮ್ ಆದರೆ 70 ಸೆಂಟಿಮೀಟರ್. ನಿಮ್ಮ ಲೆನ್ಸಿನ ಮೋಟಾರು ಅಷ್ಟು ಬೇಗ ಓಡುತ್ತಾ? ಅದನ್ನು ಮೊದಲು ನೋಡಬೇಕು, ಅಲ್ವಾ?

ಬರ್ಸ್ಟ್_ಮೋಡ್
ಮೇಷ್ಟ್ರೇ, ಚೆನ್ನಾಗಿದೆ ಲೆಕ್ಕ. ಆದರೆ ಅದೇ ಲೆಕ್ಕದ ಪ್ರಕಾರ 15 ಫ್ರೇಮ್‌ನಲ್ಲಿ ಸರಿಯಾದ ಗಳಿಗೆ ಸಿಗುವ ಸಾಧ್ಯತೆ ಎರಡು ಪಟ್ಟು. ನಾನು ಹೇಳಿದ್ದೂ ಅದೇ.

ಹಳೇ_ಗಾಜು
ಗಳಿಗೆ ಸಿಕ್ಕಿ ಫೋಕಸ್ ಸಿಗದಿದ್ದರೆ ಏನು ಮಾಡೋದು? ಅವರ 1,800ರಲ್ಲಿ ಗಳಿಗೆಗೆ ಬರ ಇಲ್ಲ.

@ಮಂಜೊಟ್ಟಿ_ಬದಿ, ಈ ವಾರ ದುಡ್ಡು ಖರ್ಚು ಮಾಡದೆ ಇಷ್ಟು ಮಾಡಿ ನೋಡಿ. 19 ಪಾಯಿಂಟ್ ಆಟೋ ಬಿಡಿ. ಆಟೋದಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಹತ್ತಿರ ಇರುವುದನ್ನು ಹಿಡಿಯುತ್ತದೆ. ಕಂಬಳದಲ್ಲಿ ಹತ್ತಿರ ಇರುವುದು ಯಾವಾಗಲೂ ನೀರು. ನಡುವಿನ ಒಂದು ಪಾಯಿಂಟ್ ಅಥವಾ ನಡುವಿನ ಝೋನ್ ಇಟ್ಟುಕೊಂಡು ಕೋಣದ ಹಣೆಯ ಮೇಲೆ ಹಿಡಿಯಿರಿ. ಎರಡನೆಯದು, ಕಸ್ಟಮ್ ಫಂಕ್ಷನ್ ಒಳಗೆ ಟ್ರ್ಯಾಕಿಂಗ್ ಸೆನ್ಸಿಟಿವಿಟಿ ಅಂತ ಒಂದಿದೆ. 70ಡಿ ಇಟ್ಟುಕೊಂಡ ಎಷ್ಟೋ ಜನ ಅದನ್ನು ತೆರೆದೇ ನೋಡಿಲ್ಲ. ಅದನ್ನು ಲಾಕ್ಡ್ ಆನ್ ಕಡೆ, ಮೈನಸ್ 2ಕ್ಕೆ ಹಾಕಿ. ಆಗ ಮಧ್ಯೆ ನೀರು ಅಡ್ಡ ಬಂದರೂ ಕ್ಯಾಮೆರಾ ತಕ್ಷಣ ಅದಕ್ಕೆ ಹಾರುವುದಿಲ್ಲ, ಸ್ವಲ್ಪ ತಡೆದು ನೋಡುತ್ತದೆ.

ಇನ್ನು ಕ್ಯಾಮೆರಾ ನಿಂತುಹೋಗುವುದು. ಅದು ರಿಪೇರಿ ಅಲ್ಲ, ಬಫರ್ (ಫೋಟೋ ಕಾರ್ಡಿಗೆ ಹೋಗುವ ಮೊದಲು ಕೂರುವ ಜಾಗ) ತುಂಬಿದ್ದು. 70ಡಿಯಲ್ಲಿ ಬರೀ ರಾ ಆದರೂ ಸುಮಾರು 16 ಫ್ರೇಮಿಗೆ ತುಂಬುತ್ತದೆ, ರಾ ಜೊತೆ ಜೆಪೆಗ್ ಅಂದರೆ ಇನ್ನೂ ಬೇಗ. ಎರಡು ಸೆಕೆಂಡಿನ ಮಾತು. ಓಟ 13 ಸೆಕೆಂಡು. ಗಂತಿನಿಂದಲೇ ಒತ್ತಿದರೆ ಜೋಡಿ ಅರ್ಧ ಕರೆಗೆ ಬರುವ ಮೊದಲೇ ನಿಮ್ಮ ಬುಟ್ಟಿ ತುಂಬಿತು. ಫೋಕಸ್ ಮಾತ್ರ ಹಿಡಿದುಕೊಂಡು ಬನ್ನಿ, ಶಟರ್ ಬಟನ್ ಕೊನೆಯ 30 ಮೀಟರಿಗೆ ಇಟ್ಟುಕೊಳ್ಳಿ. ಹಿಂದಿನ ಎಎಫ್ ಆನ್ ಬಟನ್ನಿಗೆ ಫೋಕಸ್ ಹಾಕಿಕೊಂಡರೆ ಇದು ಸುಲಭ. ಮತ್ತೆ ಹಗಲಿನಲ್ಲಿ ಬರೀ ಜೆಪೆಗ್ ತೆಗೆದರೂ ಏನೂ ಹಾಳಾಗಲ್ಲ.

ಮೂರನೆಯದಕ್ಕೆ ಮಾತ್ರ ದುಡ್ಡು ಬೇಕು. 55-250 ಲೆನ್ಸು 250ರಲ್ಲಿ ಎಫ್ 5.6. ಎಫ್ 2.8 ಲೆನ್ಸು ಅದರ ನಾಲ್ಕು ಪಟ್ಟು ಬೆಳಕು ಬಿಡುತ್ತದೆ. ರಾತ್ರಿ ಅದರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 6400 ಸಾಕಾಗುವ ಕಡೆ ನಿಮ್ಮ ಲೆನ್ಸಿಗೆ 25,600 ಬೇಕು. ಆರ್7 ತಗೊಂಡು ಇದೇ ಲೆನ್ಸ್ ಹಾಕಿದರೆ ಈ ಕೊರತೆ ಹಾಗೇ ಉಳಿಯುತ್ತದೆ. ನನ್ನ ಮಾತು ಇಷ್ಟೇ: ಮೊದಲು ಲೆನ್ಸ್, ಆಮೇಲೆ ಬಾಡಿ.

ಕಾಡುದಾರಿ
ಯಾರೂ ನಿಕಾನ್ ಹೆಸರೇ ಎತ್ತಲಿಲ್ಲವಲ್ಲ. ಡಿ500. 2016ರದ್ದು, ಆದರೂ ಓಡುವ ಪ್ರಾಣಿಗೆ ಇವತ್ತಿಗೂ ಅದೇ ನನ್ನ ಆಯ್ಕೆ. 153 ಫೋಕಸ್ ಪಾಯಿಂಟ್, ಸೆಕೆಂಡಿಗೆ 10 ಫ್ರೇಮ್, ರಾ ತೆಗೆದರೂ ಒಂದೇ ಉಸಿರಿಗೆ 200. ಅಂದರೆ 20 ಸೆಕೆಂಡ್! ಗಂತಿನಿಂದ ಮಂಜೊಟ್ಟಿಯವರೆಗೆ ಒತ್ತಿ ಹಿಡಿದರೂ ಬಫರ್‌ನಲ್ಲಿ ಜಾಗ ಉಳಿದಿರುತ್ತದೆ. ಜೊತೆಗೆ 200-500 ಎಫ್ 5.6 ಲೆನ್ಸ್. ಕಬಿನಿಯಲ್ಲಿ ಜೀಪಿನ ಮೇಲೆ ಎಂಟು ವರ್ಷ ಧೂಳು ತಿಂದಿದೆ, ಒಂದು ದಿನ ಕೈ ಕೊಟ್ಟಿಲ್ಲ.

ನೀರ_ಹನಿ
ಡಿ500 ತಯಾರಿಕೆ 2022ರಲ್ಲೇ ನಿಂತಿದೆ. ಅವರು ಕ್ಯಾನನ್‌ನಲ್ಲಿ ಇರುವವರು, ಲೆನ್ಸ್, ಬ್ಯಾಟರಿ ಎಲ್ಲಾ ಬದಲಾಯಿಸಬೇಕು. ಅದಕ್ಕೆ ಬೇಕಾದ ಎಕ್ಸ್‌ಕ್ಯೂಡಿ ಮೆಮೊರಿ ಕಾರ್ಡ್ ಹುಡುಕುವುದೇ ಒಂದು ಕೆಲಸ. ಮತ್ತೆ 200-500 ರಾತ್ರಿ ಕಂಬಳಕ್ಕೆ ಆಗಲ್ಲ, ಅದೂ 5.6 ತಾನೆ?

ಕಾಡುದಾರಿ
ಕಾರ್ಡಿನ ವಿಷಯ ತಪ್ಪು. 2020ರ ಕೊನೆಗೆ ಬಂದ ಫರ್ಮ್‌ವೇರ್ ಹಾಕಿದರೆ ಸಿಎಫ್ ಎಕ್ಸ್‌ಪ್ರೆಸ್ ಟೈಪ್ ಬಿ ಕೂಡ ನಡೆಯುತ್ತದೆ. ಅದು ಎಲ್ಲಾ ಕಡೆ ಸಿಗುತ್ತದೆ. ರಾತ್ರಿಯ ಮಾತು ಒಪ್ಪಿದೆ. ಕಾಡಿನಲ್ಲಿ ಆರೂವರೆಗೆ ನಮ್ಮ ಕೆಲಸ ಮುಗಿಯುತ್ತದೆ, ಕಂಬಳ ಆಗ ಬಿಸಿ ಏರುತ್ತದೆ.

ಎರಡೂ_ಇಟ್ಟವ
ನಾನು ಐದು ವರ್ಷ 7ಡಿ ಮಾರ್ಕ್ 2 ಬಳಸಿ, ಎರಡು ವರ್ಷದ ಹಿಂದೆ ಆರ್7ಗೆ ಬಂದೆ. ಶಾಲಾ ಕ್ರೀಡಾಕೂಟ, ಬೈಕ್ ರ‍್ಯಾಲಿ, ಎರಡು ಸಲ ಕಂಬಳ. ಕೈಯಲ್ಲಿ ಹಿಡಿದು ನೋಡಿದ್ದನ್ನು ಹೇಳ್ತೇನೆ.

ಮನುಷ್ಯರ ವಿಷಯದಲ್ಲಿ ಆರ್7 ಬೇರೆಯೇ ಲೋಕ. ಮುಖ ಹಿಡಿಯಿತೆಂದರೆ ಫ್ರೇಮಿನ ಯಾವ ಮೂಲೆಗೆ ಹೋದರೂ ಬಿಡಲ್ಲ. ನನ್ನ ಮಗಳು 200 ಮೀಟರ್ ಓಡಿದಾಗ ಸುಮಾರು 60 ಫ್ರೇಮ್ ತೆಗೆದೆ, 50ಕ್ಕಿಂತ ಜಾಸ್ತಿ ಚೂಪಾಗಿತ್ತು. 7ಡಿ2ನಲ್ಲಿ ಅರ್ಧ ಬಂದರೆ ದೊಡ್ಡದು. ಕೋಣದ ವಿಷಯಕ್ಕೆ ಬಂದರೆ, ಪ್ರಾಣಿ ಗುರುತಿಸುವುದು ಅಂತ ಅದರಲ್ಲಿ ಇರುವುದು ನಾಯಿ, ಬೆಕ್ಕು, ಹಕ್ಕಿಗಾಗಿ ಮಾಡಿದ್ದು. ಕೋಣದ ತಲೆಯನ್ನು ಒಮ್ಮೊಮ್ಮೆ ಹಿಡಿಯುತ್ತದೆ, ಒಮ್ಮೊಮ್ಮೆ ಇಲ್ಲ. ಮನುಷ್ಯ ಮೋಡ್‌ನಲ್ಲಿ ಬಿಟ್ಟರೆ ಬೇಲಿಯ ಹಿಂದೆ ಕೂತ ಪ್ರೇಕ್ಷಕರ ಮುಖಕ್ಕೆ ಓಡುತ್ತದೆ. ಕೊನೆಗೆ ಸಣ್ಣ ಝೋನ್ ಇಟ್ಟು ನಾನೇ ಹಿಡಿದುಕೊಂಡೆ. ಹಾಗೆ ಮಾಡಿದರೂ 7ಡಿ2ಗಿಂತ ಚೆನ್ನಾಗಿ ಬಂತು.

ಕೊರತೆಯೂ ಇದೆ. 15 ಫ್ರೇಮ್‌ನಲ್ಲಿ ರಾ ತೆಗೆದರೆ ಮೂರು, ಮೂರೂವರೆ ಸೆಕೆಂಡಿಗೆ ಬಫರ್ ಮುಗಿಯುತ್ತದೆ. ಹಾಗಾಗಿ @ಹಳೇ_ಗಾಜು ಹೇಳಿದ ಕೊನೆಯ 30 ಮೀಟರ್ ಪಾಠ ಹೊಸ ಕ್ಯಾಮೆರಾಕ್ಕೂ ಬೇಕು. ಇನ್ನೊಂದು, 30 ಫ್ರೇಮಿನ ಎಲೆಕ್ಟ್ರಾನಿಕ್ ಶಟರ್ ಓಡುವುದಕ್ಕೆ ಬಳಸಬೇಡಿ. ಸೆನ್ಸರ್ ಮೇಲಿನಿಂದ ಕೆಳಗೆ ನಿಧಾನ ಓದುತ್ತದೆ. ನಾನು ಬದಿಯಿಂದ ಜೋಡಿಯ ಜೊತೆ ಕ್ಯಾಮೆರಾ ತಿರುಗಿಸುತ್ತಾ ತೆಗೆದಾಗ ಹಿಂದಿನ ಧ್ವಜದ ಕಂಬ, ಅಡಿಕೆ ಮರ ಎಲ್ಲಾ ಗಾಳಿಗೆ ಬಗ್ಗಿದ ಹಾಗೆ ವಾಲಿದ್ದವು. ಮೆಕ್ಯಾನಿಕಲ್ ಇಟ್ಟರೆ ಈ ತೊಂದರೆ ಇಲ್ಲ.

ನಿಮಗೆ ಒಂದು ಸಿಹಿ ಸುದ್ದಿ. 70ಡಿಯ ಎಲ್‌ಪಿ-ಇ6 ಬ್ಯಾಟರಿ ಆರ್7ಗೂ ಆಗುತ್ತದೆ. ಕ್ಯಾನನ್‌ನದೇ ಇನ್ನೊಂದು ಬಾಡಿ ಆರ್10ಗೆ ಆಗಲ್ಲ.

ಬರ್ಸ್ಟ್_ಮೋಡ್
30 ಫ್ರೇಮ್ ಬಗ್ಗೆ ನಾನು ಹೇಳಿದ್ದು ಹಿಂದಕ್ಕೆ ತಗೋತೇನೆ. ನಾನು ಅದನ್ನು ಬಳಸಿದ್ದು ಹಕ್ಕಿ ಕೂತಲ್ಲಿಂದ ಹಾರುವಾಗ ಮಾತ್ರ. ಬದಿಯಿಂದ ತಿರುಗಿಸಿ ನೋಡಿರಲಿಲ್ಲ.

ದಿಗಿಣ
ಎಲೆಕ್ಟ್ರಾನಿಕ್ ಶಟರ್ ಮಾತು ಬಂತಲ್ಲ, ನನ್ನ ಕಥೆಯನ್ನೂ ಕೇಳಿ. ನಾನು ತೆಗೆಯುವುದು ಯಕ್ಷಗಾನ. ದಿಗಿಣ ಹಾಕುವಾಗ ವೇಷಧಾರಿ ನೆಲ ಬಿಟ್ಟು ಸುತ್ತುತ್ತಾರಲ್ಲ, ಅದಕ್ಕಿಂತ ದೊಡ್ಡ ಆ್ಯಕ್ಷನ್ ಬೇಕಾ? ಸದ್ದು ಆಗಬಾರದು, ಭಾಗವತರ ಪದ್ಯಕ್ಕೆ ಅಡ್ಡಿ ಆಗಬಾರದು ಅಂತ ಮಿರರ್‌ಲೆಸ್ ತಗೊಂಡೆ. ಮೊದಲ ರಾತ್ರಿಯೇ ಸದ್ದಿಲ್ಲದ ಶಟರ್ ಹಾಕಿ 600 ಫೋಟೋ ತೆಗೆದೆ. ರಂಗಸ್ಥಳಕ್ಕೆ ಎಲ್‌ಇಡಿ ದೀಪ ಹಾಕಿದ್ದರು. ಮನೆಗೆ ಬಂದು ನೋಡಿದರೆ ಎಲ್ಲಾ ಫೋಟೋದಲ್ಲೂ ಅಡ್ಡ ಪಟ್ಟಿ. ಕಿರೀಟದ ಮೇಲೆ ಒಂದು ಕಪ್ಪು ಪಟ್ಟಿ, ಎದೆಪದಕದ ಮೇಲೆ ಒಂದು, ಗೆಜ್ಜೆ ಹತ್ತಿರ ಒಂದು. ಒಂದೂ ಉಳಿಯಲಿಲ್ಲ. ಆವತ್ತು ವೇಷ ಮಾಡಿದ ಹಿರಿಯ ಕಲಾವಿದರು ಫೋಟೋ ಕೇಳಿದ್ದರು. ಏನಂತ ಉತ್ತರ ಕೊಡಲಿ? ತುಂಬಾ ಬೇಜಾರಾಯಿತು. ಈಗ ಚೌಕಿಯಲ್ಲಿ ಬಣ್ಣ ಹಚ್ಚುವಾಗಲೇ ರಂಗಸ್ಥಳದ ದೀಪಕ್ಕೆ ನಾಲ್ಕು ಫೋಟೋ ತೆಗೆದು ಪಟ್ಟಿ ಬರುತ್ತಾ ನೋಡಿಕೊಳ್ಳುತ್ತೇನೆ.

ಲೆಕ್ಕದ_ಮೇಷ್ಟ್ರು
@ದಿಗಿಣ ಮತ್ತು @ಮಂಜೊಟ್ಟಿ_ಬದಿ, ನಿಮ್ಮಿಬ್ಬರ ರೋಗದ ಮೂಲ ಒಂದೇ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಅದರ ಮೇಲೆ ನೇರ ಉರಿಯುವ ದೀಪ ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಕಣ್ಣಿಗೆ ಗೊತ್ತಾಗಲ್ಲ. 1/1000 ಶಟರ್ ಅದರ ಒಂದು ಸುತ್ತಿನಲ್ಲಿ ಹತ್ತನೇ ಒಂದು ಪಾಲು ಮಾತ್ರ ನೋಡುತ್ತದೆ. ಅದು ಬೆಳಕಿನ ಪಾಲೋ, ಕತ್ತಲಿನ ಪಾಲೋ, ಅದೃಷ್ಟ. ಅದಕ್ಕೇ ಒಂದು ಫ್ರೇಮ್ ಬೆಳಕು, ಒಂದು ಕಪ್ಪು.

ಎರಡೂ_ಇಟ್ಟವ
ಹೌದು, ಮತ್ತೆ ಇದಕ್ಕೆ ಔಷಧಿ ಬಾಡಿಯಲ್ಲೇ ಇರುವುದು. 7ಡಿ ಮಾರ್ಕ್ 2ನಲ್ಲಿ ಆ್ಯಂಟಿ ಫ್ಲಿಕರ್ ಬಂತು, ಆರ್7ನಲ್ಲೂ ಇದೆ. ದೀಪ ಪೂರ್ತಿ ಬೆಳಕಿರುವ ಗಳಿಗೆ ನೋಡಿ ಶಟರ್ ಬಿಡುತ್ತದೆ. ಫ್ರೇಮ್ ವೇಗ ಸ್ವಲ್ಪ ಇಳಿಯಬಹುದು, ಆದರೆ ಬಣ್ಣ ಒಂದೇ ಸಮ ಬರುತ್ತದೆ. 70ಡಿಯಲ್ಲಿ ಇದು ಇಲ್ಲ. ಹಾಗಾಗಿ @ಹಳೇ_ಗಾಜು, ಬರೀ ಲೆನ್ಸ್ ಬದಲಾಯಿಸಿದರೆ ಇವರ ಮೂರನೇ ತೊಂದರೆ ಹೋಗುವುದಿಲ್ಲ.

ಹಳೇ_ಗಾಜು
ಸರಿ, ಇದು ನ್ಯಾಯವಾದ ಮಾತು. ನಾನು ಅದನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ.

ನೀರ_ಹನಿ
ಎಲ್ಲರೂ 1/1000, 1/2000 ಅಂತೀರಿ. ನನಗೆ ಅದು ಇಷ್ಟ ಆಗಲ್ಲ. ಕನೆ ಹಲಗೆ ವಿಭಾಗ ನೋಡಿ. ಹಲಗೆಯ ತೂತಿನಿಂದ ನೀರು ಚಿಮ್ಮಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆ ಮುಟ್ಟಬೇಕು. ಅದರ ಚೆಂದ ಇರುವುದು ನೀರು ಏರುವುದರಲ್ಲಿ. 1/2000ದಲ್ಲಿ ತೆಗೆದರೆ ಒಡೆದ ಗಾಜಿನ ಚೂರು ಹರಡಿದ ಹಾಗೆ ಕಾಣುತ್ತದೆ. 1/250 ಇಡಿ, ನೀರು ಎಳೆ ಎಳೆಯಾಗಿ ಮೇಲೇರುತ್ತದೆ. ಕೋಣದ ಕಾಲು ಸ್ವಲ್ಪ ಅಲುಗಿದರೆ ಅಲುಗಲಿ. ಓಡುತ್ತಿದೆ ತಾನೆ?

ಬರ್ಸ್ಟ್_ಮೋಡ್
ಒಪ್ಪಲ್ಲ. ಒಂದೊಂದು ಹನಿ ಬೇರೆ ಬೇರೆ ಕಾಣುವುದರಲ್ಲೇ ಮಜಾ. ಕಣ್ಣಿಗೆ ಕಾಣದ್ದನ್ನು ಕ್ಯಾಮೆರಾ ತೋರಿಸಬೇಕು.

ನೀರ_ಹನಿ
ಕಣ್ಣಿಗೆ ಕಂಡದ್ದನ್ನೂ ತೋರಿಸಬೇಕಲ್ಲ! ಬದಿಯಲ್ಲಿ ನಿಂತು 1/60ರಲ್ಲಿ ಜೋಡಿಯ ಜೊತೆ ತಿರುಗಿಸಿ ನೋಡಿ. ಜನ, ಬೇಲಿ, ತೋರಣ ಎಲ್ಲಾ ಗೆರೆ ಆಗಿ ಹರಿಯುತ್ತದೆ, ನಡುವೆ ಕೋಣದ ತಲೆ ಮಾತ್ರ ನಿಂತಿರುತ್ತದೆ. ಹತ್ತರಲ್ಲಿ ಒಂದು ಬರುತ್ತದೆ. ಆ ಒಂದಕ್ಕೆ ಹೊಸ ಕ್ಯಾಮೆರಾ ಬೇಕಿಲ್ಲ, ಸೊಂಟ ತಿರುಗಬೇಕು.

ತೋಟದ_ಮನೆ
ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲೂ ಒಂದು ಜೋಡಿ ಕೋಣ ಇದೆ, ನಮ್ಮ ಅಜ್ಜನ ಕಾಲದಿಂದ ಓಡಿಸುತ್ತೇವೆ. ಫೋಟೋ ತೆಗೆಯುವವರಲ್ಲಿ ಎರಡು ಬೇಡಿಕೆ. ಫ್ಲ್ಯಾಶ್ ಹಾಕಬೇಡಿ. ರಾತ್ರಿ ಕೋಣ ಬೆದರುತ್ತದೆ, ಓಡಿಸುವವರಿಗೂ ಕಣ್ಣು ಕತ್ತಲೆ ಬರುತ್ತದೆ. ಮಂಜೊಟ್ಟಿಯ ಏರಿನಲ್ಲಿ ಅಡ್ಡ ಕೂರಬೇಡಿ. ಗುರಿ ಮುಟ್ಟಿದ ಮೇಲೂ ಕೋಣ ಅದೇ ಓಟದಲ್ಲಿ ಏರು ಹತ್ತಿ ಬರುತ್ತದೆ, ಅದಕ್ಕೆ ಬ್ರೇಕ್ ಇಲ್ಲ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಕ್ಯಾಮೆರಾದಲ್ಲಿ ಕಣ್ಣಿಟ್ಟು ಕೂತವನು ಏಳಲೇ ಇಲ್ಲ. ನಮ್ಮವರು ಅಂಗಿ ಹಿಡಿದು ಎಳೆದರು. ಕ್ಯಾಮೆರಾ ಕೆಸರಿಗೆ ಬಿತ್ತು, ಹುಡುಗನಿಗೆ ಏನೂ ಆಗಲಿಲ್ಲ. ಎಲ್ಲಿ ನಿಲ್ಲಬಹುದು ಅಂತ ಸಮಿತಿಯವರನ್ನು ಕೇಳಿ, ಅವರು ಜಾಗ ತೋರಿಸುತ್ತಾರೆ.

ಮಂಜೊಟ್ಟಿ_ಬದಿ
@ತೋಟದ_ಮನೆ ಈ ಮಾತು ಪ್ರತಿಯೊಬ್ಬ ಫೋಟೋ ತೆಗೆಯುವವನೂ ಓದಬೇಕು. ನಾನು ಬದಿಯ ದಿಬ್ಬದಲ್ಲೇ ಕೂರುವುದು. ಫ್ಲ್ಯಾಶ್ ಇಲ್ಲ.

ಬೆಂಗಳೂರು_ಬೆಳಕು
2023ರ ನವೆಂಬರ್‌ನಲ್ಲಿ ಅರಮನೆ ಮೈದಾನದಲ್ಲಿ ಕಂಬಳ ಆಯಿತಲ್ಲ, ಅಲ್ಲಿ 70-200 ಎಫ್ 2.8 ಬಾಡಿಗೆಗೆ ತಗೊಂಡು ಹೋಗಿದ್ದೆ. ಅಷ್ಟು ಜನ, ಬೇಲಿ ಹತ್ತಿರ ಹೋಗಲಿಕ್ಕೇ ಆಗಲಿಲ್ಲ. ಜನರ ತಲೆಯ ಸಂದಿಯಲ್ಲಿ ಸಿಕ್ಕಿದ್ದೇ ಫೋಟೋ. ಆದರೆ ಲೆನ್ಸ್ ಮಾತ್ರ ಬಹಳ ಹಿಡಿಸಿತು. ಕೊಳ್ಳುವ ಮೊದಲು ಎರಡು ದಿನ ಬಾಡಿಗೆಗೆ ತಗೊಂಡು ನೋಡಿ. ತೂಕ ಒಂದೂವರೆ ಕೇಜಿ ಇರುತ್ತದೆ, ರಾತ್ರಿಯಿಡೀ ಹಿಡಿದು ನಿಲ್ಲಲು ಆಗುತ್ತಾ ಅಂತಲೂ ಗೊತ್ತಾಗುತ್ತದೆ. ಒಂದು ಮಾನೋಪಾಡ್ ಇರಲಿ.

ಗೆಡ್ಡೆ_ಗೆಣಸು
ಸ್ವಲ್ಪ ಬೇರೆ ಪ್ರಶ್ನೆ, ಕ್ಷಮಿಸಿ. ಮಂಗಳೂರಿನಲ್ಲಿ ಇದ್ದೇನೆ. ಈ ಮಳೆಗಾಲ ಕಳೆದ ಮೇಲೆ ಲೆನ್ಸ್ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆ ಬಂದಿದೆ. ಅಕ್ಕಿ ಡಬ್ಬದಲ್ಲೇ ಇಟ್ಟಿದ್ದೆ.

ಹಳೇ_ಗಾಜು
ಅದು ಫಂಗಸ್. ಅಕ್ಕಿ ಡಬ್ಬದಿಂದ ಮೊದಲು ಹೊರಗೆ ತೆಗೆಯಿರಿ! ಅಕ್ಕಿಯ ಪುಡಿ ಲೆನ್ಸಿನ ಸಂದಿಗೆ ಹೋಗುತ್ತದೆ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಶೇಕಡಾ 40ರಿಂದ 50ರ ಮಧ್ಯೆ ಇರಲಿ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು, ಅಡುಗೆ ಬಾಣಲೆ ಮಾತ್ರ ಬೇಡ. ಬಂದಿರುವ ಫಂಗಸ್ಸನ್ನು ಲೆನ್ಸ್ ಬಿಚ್ಚಿ ಒರೆಸುವವರ ಹತ್ತಿರವೇ ತೆಗೆಸಬೇಕು. ತಡ ಮಾಡಿದರೆ ಗಾಜಿನ ಮೇಲಿನ ಲೇಪ ತಿನ್ನುತ್ತದೆ.

ಗೆಡ್ಡೆ_ಗೆಣಸು
ಅಯ್ಯೋ, ಈಗಲೇ ತೆಗೆದೆ. ಥ್ಯಾಂಕ್ಸ್.

ಎರಡೂ_ಇಟ್ಟವ
ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೂ ಅದೇ ಪರೀಕ್ಷೆ. ಲೆನ್ಸಿನ ಎರಡೂ ಕಡೆ ಮುಚ್ಚಳ ತೆಗೆದು ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ನಾನು ಒಮ್ಮೆ ಇದನ್ನು ಮಾಡದೆ ಕೈ ಸುಟ್ಟುಕೊಂಡಿದ್ದೇನೆ. ಬಾಡಿ ಆದರೆ ಶಟರ್ ಎಷ್ಟು ಸಲ ಓಡಿದೆ ಕೇಳಿ. 70ಡಿ ಶಟರ್ 1 ಲಕ್ಷಕ್ಕೆ, 7ಡಿ ಮಾರ್ಕ್ 2 ಶಟರ್ 2 ಲಕ್ಷಕ್ಕೆ ಪರೀಕ್ಷೆ ಮಾಡಿದ್ದು. ಮದುವೆ, ಕ್ರೀಡೆ ತೆಗೆದ ಬಾಡಿಯಲ್ಲಿ ಅದು ಆಗಲೇ ಮುಗಿದಿರಬಹುದು.

ಕಬಡ್ಡಿ_ಅಪ್ಪ
ನನ್ನ ಮಗ ಕಬಡ್ಡಿ ಆಡ್ತಾನೆ, ಊರಿನ ಹೊನಲು ಬೆಳಕಿನ ಪಂದ್ಯಗಳು. ಅಂಕಣ ಹತ್ತಿರವೇ ಇರುವುದರಿಂದ 70-200 ಬೇಕಾಗಲಿಲ್ಲ. 85 ಎಫ್ 1.8 ಹಾಕಿದೆ. ಆರ್10 ಬಾಡಿ. ರೇಡ್ ಮಾಡುವಾಗ ಕೈ ಮುಂದೆ ಬಂದರೂ ಫೋಕಸ್ ಮುಖದಲ್ಲೇ ಕೂರುತ್ತದೆ. ಕಂಬಳಕ್ಕೆ ದೂರ ಜಾಸ್ತಿ, ನಿಮಗೆ ಆಗಲಿಕ್ಕಿಲ್ಲ. ಕಬಡ್ಡಿ, ವಾಲಿಬಾಲ್ ತೆಗೆಯುವವರು ಮಾತ್ರ ದೊಡ್ಡ ಲೆನ್ಸಿಗೆ ಸುಮ್ನೆ ದುಡ್ಡು ಹಾಕಬೇಡಿ.

ಮಂಜೊಟ್ಟಿ_ಬದಿ
ಮೂರು ವಾರ ಆಯಿತು, ವರದಿ ಕೊಡುತ್ತೇನೆ.

ಮೊದಲ ವಾರ ಏನೂ ಕೊಳ್ಳಲಿಲ್ಲ. ಅದೇ 70ಡಿ, ಅದೇ 55-250. ನಡುವಿನ ಝೋನ್, ಟ್ರ್ಯಾಕಿಂಗ್ ಮೈನಸ್ 2, ಎಎಫ್ ಆನ್ ಬಟನ್, ಶಟರ್ 1/1250, ಬರೀ ಜೆಪೆಗ್, ಕೊನೆಯ 30 ಮೀಟರ್. ಮೊದಲ ಹತ್ತು ಓಟ ಹೆಬ್ಬೆರಳು ಎಲ್ಲಿಡುವುದು ಅಂತಲೇ ಗೊತ್ತಾಗಲಿಲ್ಲ. ಆಮೇಲೆ ಕೈ ಕೂತಿತು. ಹಗಲು 500 ತೆಗೆದೆ, 110 ಇಟ್ಟುಕೊಂಡೆ. ನನಗೇ ನಂಬಲು ಆಗಲಿಲ್ಲ. ಕ್ಯಾಮೆರಾ ಒಂದು ಸಲವೂ ನಿಲ್ಲಲಿಲ್ಲ.

ಎರಡನೇ ವಾರ ಬಾಡಿಗೆಗೆ 70-200 ಎಫ್ 2.8 ತಂದೆ. ರಾತ್ರಿ ಹನ್ನೊಂದರ ಮೇಲೆ ನೇಗಿಲು ಕಿರಿಯ ವಿಭಾಗದ ಓಟ. ಐಎಸ್‌ಒ 6400, 1/1000. ಕಾಳು ಕಾಳು ಇದೆ, ಆದರೆ ಕೋಣದ ಮೂತಿಯ ರೋಮಕ್ಕೆ ಅಂಟಿದ ಕೆಸರು ಕಾಣುತ್ತದೆ. ಬೆಳಕು ಏರಿಳಿಯುವ ತೊಂದರೆ ಮಾತ್ರ ಹಾಗೇ ಇತ್ತು. ಮೂರರಲ್ಲಿ ಒಂದು ಫ್ರೇಮ್ ಕಪ್ಪು.

ಮೂರನೇ ವಾರ ಗೆಳೆಯನೊಬ್ಬ ತನ್ನ ಆರ್7 ಕೊಟ್ಟ. ಅದೇ ಬಾಡಿಗೆ ಲೆನ್ಸ್, ಆ್ಯಂಟಿ ಫ್ಲಿಕರ್ ಆನ್. ಎಲ್ಲಾ ಫ್ರೇಮ್ ಒಂದೇ ಬೆಳಕು, ಒಂದೇ ಬಣ್ಣ. ಆ ಒಂದಕ್ಕೇ ಬಾಡಿ ಬದಲಾಯಿಸಬೇಕು ಅನ್ನಿಸಿತು. ಫೋಕಸ್ ಕೂಡ ಉತ್ತಮ, ಆದರೆ ನಾನು ಅಂದುಕೊಂಡಷ್ಟು ದೊಡ್ಡ ಅಂತರ ಇರಲಿಲ್ಲ.

ಕೊನೆಗೆ ಸೆಕೆಂಡ್ ಹ್ಯಾಂಡ್ ಟ್ಯಾಮ್ರಾನ್ 70-200 ಎಫ್ 2.8 ಜಿ2 ಲೆನ್ಸ್ ತಗೊಂಡೆ. ಟಾರ್ಚ್ ಬಿಟ್ಟು ನೋಡಿಯೇ ತಗೊಂಡೆ. ಬಜೆಟ್ಟಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋಯಿತು. ಈ ಸೀಸನ್ 70ಡಿ ಜೊತೆಗೇ ಓಡಿಸುತ್ತೇನೆ. ಉಳಿದ ದುಡ್ಡು ಹಾಗೇ ಇದೆ, ಮುಂದಿನ ನವೆಂಬರ್ ಒಳಗೆ ಆರ್7 ತಗೊಳ್ಳುತ್ತೇನೆ.

ಬರ್ಸ್ಟ್_ಮೋಡ್
ನಾನು ಹೇಳಿದ್ದೂ ಆರ್7, ಅವರು ಹೇಳಿದ್ದೂ ಲೆನ್ಸ್. ಎರಡೂ ಆಯಿತಲ್ಲ, ಖುಷಿ.

ಹಳೇ_ಗಾಜು
ಫೋಟೋ ಎಲ್ಲಿ?

ಮಂಜೊಟ್ಟಿ_ಬದಿ
ಹಾಕುತ್ತೇನೆ. ಎರಡನೇ ವಾರದ್ದು. ಜೋಡಿ ನೇರ ನನ್ನ ಕಡೆ ಬರುತ್ತಿದೆ. ಎಡಗಡೆ ಕೋಣದ ಕಣ್ಣಿನಲ್ಲಿ ಫ್ಲಡ್‌ಲೈಟಿನ ನಾಲ್ಕು ಚುಕ್ಕಿ ಎಣಿಸಬಹುದು. ನೀರಿನ ಹನಿಗಳೆಲ್ಲ ಮಸುಕು.

ನೀರ_ಹನಿ
ನೋಡಿದೆ. ಬಹಳ ಚೆನ್ನಾಗಿದೆ. ಮುಂದಿನ ಶನಿವಾರ ಒಂದು ಓಟಕ್ಕಾದರೂ 1/60 ಇಟ್ಟು ಬದಿಗೆ ಬನ್ನಿ. ನಾನೂ ಅಲ್ಲೇ ಇರುತ್ತೇನೆ, ಗಂತಿನಿಂದ ಅರ್ಧ ದಾರಿಯಲ್ಲಿ, ತೋರಣ ಕಟ್ಟಿದ ಕಡೆ.

ತೋಟದ_ಮನೆ
ಬಲಗಡೆಯದ್ದು ನಮ್ಮ ಕೋಣ! ದೊಡ್ಡ ಸೈಜಿನದ್ದು ಕಳಿಸಲು ಆಗುತ್ತಾ? ಅಜ್ಜನ ಫೋಟೋದ ಪಕ್ಕ ಹಾಕಬೇಕು.